ಬಿನೀತ್ ಎ ಸ್ಟೀಲ್ ಸ್ಕೈ ಆಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಗೇಮ್ ಆಡು ಆಡು ಎಂದು ನಾನು ಗಂಟು ಬಿದ್ದವರು ಕಡಿಮೆ ಇಲ್ಲ. ತಮ್ಮ, ಅಕ್ಕನ ಮಗ, ಆಫೀಸಿನಲ್ಲಿ ಇಬ್ಬರು, ಹಳೆಯ ರೂಂಮೇಟ್. ಎಲ್ಲರೂ ಯಾವುದಾದರೂ ಒಂದು ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಮಾಡಿದವರೇ. "ಬಾಗಿಲು ತೆಗೆಯಕ್ಕೇ ಆಗ್ತಿಲ್ಲ, ಏನ್ ಮಾಡ್ಲಿ?" ಉತ್ತರ ಬರೆದು ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಕಥೆಯ ಕೊನೆಯ ಗುಟ್ಟು ಎಲ್ಲೂ ಹೇಳಿಲ್ಲ. ಪಜಲ್‌ಗಳ ಉತ್ತರ ಇರುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

ಇದು ಯಾವ ಗೇಮ್? ಏನು ಕಥೆ?

1994ರಲ್ಲಿ ಬಂದ ಪಾಯಿಂಟ್ ಅಂಡ್ ಕ್ಲಿಕ್ ಗೇಮ್, ಅಂದರೆ ಪರದೆಯ ಮೇಲಿನ ವಸ್ತುಗಳನ್ನು ಮೌಸ್‌ನಿಂದ ಒತ್ತುತ್ತಾ ಆಡುವಂಥದ್ದು. ಮಾಡಿದ್ದು ಇಂಗ್ಲೆಂಡಿನ ರೆವಲ್ಯೂಷನ್ ಸಾಫ್ಟ್‌ವೇರ್, ಮಾರಿದ್ದು ವರ್ಜಿನ್ ಇಂಟರ್‍ಯಾಕ್ಟಿವ್. ತಂಡದ ಮುಂದಾಳು ಚಾರ್ಲ್ಸ್ ಸೆಸಿಲ್. ಚಿತ್ರಗಳ ಹಿಂದೆ ಇರುವ ಕೈ ಡೇವ್ ಗಿಬ್ಬನ್ಸ್ ಅವರದು. ಕಾಮಿಕ್ಸ್ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ, ವಾಚ್‌ಮೆನ್ ಚಿತ್ರಿಸಿದವರು ಇವರೇ.

ಜಾಗ ಆಸ್ಟ್ರೇಲಿಯಾ, ಕಾಲ ಮುಂದೆಂದೋ. ಊರಾಚೆಯ ಬರಡು ನೆಲಕ್ಕೆ 'ದಿ ಗ್ಯಾಪ್' ಎಂದು ಹೆಸರು. ಅಲ್ಲಿ ಒಂದು ಹೆಲಿಕಾಪ್ಟರ್ ಬೀಳುತ್ತದೆ, ಒಬ್ಬ ಹುಡುಗ ಬದುಕುತ್ತಾನೆ. ಅಲ್ಲಿನ ಜನ ಅವನನ್ನು ಸಾಕುತ್ತಾರೆ. ಹುಡುಗನ ಮೊದಲ ಹೆಸರು ರಾಬರ್ಟ್. ಅಡ್ಡಹೆಸರು ಬಂದದ್ದು ಒಂದು ಬಿಯರ್ ಡಬ್ಬಿಯಿಂದ! ಡಬ್ಬಿಯ ಮೇಲೆ ಫಾಸ್ಟರ್ಸ್ ಎಂದಿತ್ತು, ಹುಡುಗ ರಾಬರ್ಟ್ ಫಾಸ್ಟರ್ ಆದ. ಅವನು ಗುಜರಿ ಸಾಮಾನಿನಿಂದ ಜೋಯಿ ಎಂಬ ರೋಬೋಟ್ ಮಾಡಿಕೊಂಡು ಬೆಳೆಯುತ್ತಾನೆ. ಒಂದು ದಿನ ಯೂನಿಯನ್ ಸಿಟಿಯಿಂದ ರೈಕ್ ಎಂಬ ಅಧಿಕಾರಿ ಸೈನಿಕರ ಜೊತೆ ಬಂದು, ಸಾಕಿದವರ ಹಟ್ಟಿಯನ್ನೇ ಉಡಾಯಿಸಿ ಇವನನ್ನು ಎತ್ತಿಕೊಂಡು ಹೋಗುತ್ತಾನೆ. ನಗರದ ಹತ್ತಿರ ಇವರಿದ್ದ ಹೆಲಿಕಾಪ್ಟರ್ ಕೂಡ ಬೀಳುತ್ತದೆ. ಫಾಸ್ಟರ್ ತಪ್ಪಿಸಿಕೊಂಡು ಒಂದು ಕಾರ್ಖಾನೆಯೊಳಗೆ ನುಗ್ಗುತ್ತಾನೆ. ಗೇಮ್ ಶುರುವಾಗುವುದು ಅಲ್ಲಿಂದ. ಕೈಯಲ್ಲಿ ಇರುವುದು ಜೋಯಿಯ ಸರ್ಕ್ಯೂಟ್ ಬೋರ್ಡ್ ಮಾತ್ರ.

ಕಥೆ ಇಷ್ಟೊಂದು ಗಂಭೀರ. ಮಾತುಕತೆ ಮಾತ್ರ ಪೂರಾ ತಮಾಷೆ. ಎರಡೂ ಒಟ್ಟಿಗೆ ಹೇಗೆ ಕೂರುತ್ತವೆ ಎಂದು ನಾನು ಈಗಲೂ ಬೆರಗಾಗುತ್ತೇನೆ.

ಮೂವತ್ತು ವರ್ಷ ಹಳೆಯ ಗೇಮ್ ಈಗ ಆಡಿದರೆ ಬೋರ್ ಆಗಲ್ವಾ?

ಓಡಿ, ಹಾರಿ, ಗುಂಡು ಹೊಡೆಯುವವರಿಗೆ ಬೋರ್ ಆಗುತ್ತದೆ. ಇಲ್ಲಿ ಬೆರಳಿನ ಚುರುಕು ಬೇಡ. ಇದು ನೋಡುವ, ಕೇಳುವ ಗೇಮ್. ಎದುರಿಗಿರುವ ಮನುಷ್ಯನಿಗೆ ಏನು ಬೇಕು ಎಂದು ತಿಳಿದುಕೊಂಡರೆ ಅರ್ಧ ಗೇಮ್ ಗೆದ್ದ ಹಾಗೆ.

ಚಿತ್ರ 320 ಗುಣಿಸು 200 ಪಿಕ್ಸೆಲ್, 256 ಬಣ್ಣ. ಈಗಿನ ಫೋನಿನ ಒಂದು ಐಕಾನ್‌ನಲ್ಲೇ ಅದಕ್ಕಿಂತ ನವಿರಾದ ಗೆರೆ ಇರಬಹುದು. ಆದರೂ ಆ ತುಕ್ಕು ಹಿಡಿದ ಕೊಳವೆಗಳು, ಹೊಗೆ, ದೂರದ ಗೋಪುರಗಳು ಕಣ್ಣಲ್ಲಿ ಉಳಿಯುತ್ತವೆ.

ನಿಜವಾಗಿಯೂ ಫ್ರೀನಾ? ಪೈರಸಿ ಅಲ್ಲ ತಾನೆ?

ಅಲ್ಲ. 2003ರಲ್ಲಿ ರೆವಲ್ಯೂಷನ್ ಅವರೇ ಇದನ್ನು ಉಚಿತವಾಗಿ ಬಿಟ್ಟರು. ಸ್ಕಮ್‌ವಿಎಂ ಎಂಬ ತಂತ್ರಾಂಶ ಇದೆ, ಹಳೆಯ ಸಾಹಸದ ಗೇಮ್‌ಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ನಡೆಸುತ್ತದೆ. ಅದನ್ನು ಮಾಡುವವರಿಗೆ ಕಂಪನಿಯೇ ಸಹಾಯ ಮಾಡಿ, ಗೇಮ್ ಹಂಚಲು ಒಪ್ಪಿಗೆ ಕೊಟ್ಟಿತು. ಸ್ಕಮ್‌ವಿಎಂ ತಾಣದಲ್ಲೂ ಸಿಗುತ್ತದೆ, ಜಿಒಜಿ ಅಂಗಡಿಯಲ್ಲೂ ಸೊನ್ನೆ ರೂಪಾಯಿಗೆ ಸಿಗುತ್ತದೆ.

ನನಗೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಕಾಲೇಜಿನಲ್ಲಿದ್ದಾಗ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಉಬುಂಟು ಹಾಕಿಕೊಂಡು, ಸುಮ್ನೆ ಅದರ ಸಾಫ್ಟ್‌ವೇರ್ ಪಟ್ಟಿ ಕೆಳಕ್ಕೆ ಎಳೆಯುತ್ತಿದ್ದೆ. ಅಲ್ಲಿ ಈ ಉದ್ದ ಹೆಸರು ಕಂಡಿತು. ಮಾರನೇ ದಿನ ಇಂಟರ್ನಲ್ಸ್ ಇತ್ತು. ಬೆಳಗಿನ ಜಾವ ಮೂರರ ತನಕ ಆಡಿದೆ. ಪರೀಕ್ಷೆ ಏನಾಯಿತು ಎನ್ನುವುದು ಬೇಡ ಬಿಡಿ.

ಹೇಗೆ ಹಾಕಿಕೊಳ್ಳಬೇಕು?

ಜಿಒಜಿಯಿಂದ ತೆಗೆದುಕೊಂಡರೆ ತಲೆನೋವೇ ಇಲ್ಲ. ಸ್ಕಮ್‌ವಿಎಂ ಜೊತೆಗೇ ಬರುತ್ತದೆ, ಇನ್‌ಸ್ಟಾಲ್ ಮಾಡಿ ಆಡುವುದಷ್ಟೇ.

ಬೇರೆ ಬೇರೆಯಾಗಿ ತಂದರೆ ಮೊದಲು ಸ್ಕಮ್‌ವಿಎಂ ಹಾಕಿ. ಗೇಮಿನ ಜಿಪ್ ಫೈಲನ್ನು ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿ. ಸ್ಕಮ್‌ವಿಎಂ ತೆರೆದು 'ಆಡ್ ಗೇಮ್' ಒತ್ತಿ, ಆ ಫೋಲ್ಡರ್ ತೋರಿಸಿ. ಅದೇ ಗುರುತು ಹಿಡಿಯುತ್ತದೆ. ಹಿಡಿಯದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ, ಜಿಪ್ ಬಿಚ್ಚಿಲ್ಲ. ಫೋಲ್ಡರ್ ಒಳಗೆ 'ಸ್ಕೈ' ಎಂಬ ಹೆಸರಿನ, 'ಡಿಎಸ್‌ಕೆ' ಮತ್ತು 'ಡಿಎನ್‌ಆರ್' ಬಾಲ ಇರುವ ಎರಡು ಫೈಲ್ ಕಣ್ಣಿಗೆ ಬೀಳಬೇಕು.

ಫ್ಲಾಪಿ ಆವೃತ್ತಿ, ಸಿಡಿ ಆವೃತ್ತಿ ಎಂದು ಎರಡು ಇವೆ. ಯಾವುದು?

ಸಿಡಿ. ಅದರಲ್ಲಿ ಎಲ್ಲರಿಗೂ ದನಿ ಇದೆ. ಫ್ಲಾಪಿಯಲ್ಲಿ ಬರೀ ಅಕ್ಷರ.

ಫ್ಲಾಪಿ ಕಾಲದ ಒಂದು ಸಂಗತಿ ಹೇಳಲೇಬೇಕು. ಅಮಿಗಾ ಕಂಪ್ಯೂಟರ್‌ಗೆ ಬಂದ ಈ ಗೇಮ್ 15 ಫ್ಲಾಪಿಗಳಲ್ಲಿತ್ತು. ಹಾರ್ಡ್ ಡಿಸ್ಕ್ ಇಲ್ಲದವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಫ್ಲಾಪಿ ತೆಗಿ, ಫ್ಲಾಪಿ ಹಾಕು ಎಂದು ಕೂರಬೇಕಿತ್ತು. ನಮಗೆ ಲೋಡಿಂಗ್ ಹತ್ತು ಸೆಕೆಂಡ್ ಆದರೆ ಸಿಟ್ಟು ಬರುತ್ತದೆ.

ಫೋನ್‌ನಲ್ಲಿ ಆಡಬಹುದಾ?

ಆಂಡ್ರಾಯ್ಡ್‌ಗೆ ಸ್ಕಮ್‌ವಿಎಂ ಇದೆ, ನಡೆಯುತ್ತದೆ. ಐಫೋನ್‌ಗೆ 2009ರಲ್ಲಿ ರೀಮಾಸ್ಟರ್ ಆವೃತ್ತಿಯೇ ಬಂದಿತ್ತು, ಅದರಲ್ಲಿ ಸುಳಿವು ಕೊಡುವ ವ್ಯವಸ್ಥೆಯೂ ಇತ್ತು. ಆದರೂ ಮೊದಲ ಸಲ ಲ್ಯಾಪ್‌ಟಾಪ್‌ನಲ್ಲಿ ಮೌಸ್ ಹಿಡಿದು ಆಡಿ. ಸಣ್ಣ ಸಣ್ಣ ವಸ್ತುಗಳನ್ನು ಹುಡುಕಬೇಕು. ಬೆರಳು ಅದಕ್ಕೆ ತುಂಬಾ ದಪ್ಪ.

ಆಡುವುದು ಹೇಗೆ? ಮೆನು ಏನೂ ಕಾಣ್ತಿಲ್ಲ!

ಎಡ ಕ್ಲಿಕ್ ನೋಡುವುದಕ್ಕೆ, ನಡೆಯುವುದಕ್ಕೆ. ಬಲ ಕ್ಲಿಕ್ ಮಾಡುವುದಕ್ಕೆ, ಅಂದರೆ ಎತ್ತಿಕೊಳ್ಳು, ತೆರೆ, ಮಾತಾಡು, ಒತ್ತು ಎಲ್ಲವೂ ಅದೇ. ಮೌಸನ್ನು ಪರದೆಯ ಮೇಲಂಚಿಗೆ ಒಯ್ದರೆ ನಿಮ್ಮ ಜೋಳಿಗೆ ಇಳಿಯುತ್ತದೆ. ಎಫ್5 ಒತ್ತಿದರೆ ಸೇವ್ ಮಾಡುವ ಫಲಕ. ಮುಗೀತು.

ಹೊಸಬರು ಮಾಡುವ ತಪ್ಪು ಒಂದೇ. ಎಲ್ಲದರ ಮೇಲೂ ಬಲ ಕ್ಲಿಕ್ ಮಾಡುತ್ತಾರೆ, ಎಡ ಕ್ಲಿಕ್ ಮರೆಯುತ್ತಾರೆ. ನೋಡದೆ ಮುಟ್ಟಬೇಡಿ. ಫಾಸ್ಟರ್ ಒಂದು ವಸ್ತು ನೋಡಿ ಹೇಳುವ ಮಾತಿನಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ.

ಶುರುವಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬಾಗಿಲು ತೆರೆಯುತ್ತಿಲ್ಲ. (ಉತ್ತರ ಇದೆ)

ಇದೇ ಆ ರಾತ್ರಿ ಹನ್ನೊಂದರ ಪ್ರಶ್ನೆ.

ನೀವು ಕಾರ್ಖಾನೆಯ ಮೇಲಿನ ಅಟ್ಟಣಿಗೆಯಲ್ಲಿದ್ದೀರಿ. ಕೆಳಗೆ ನಿಮ್ಮನ್ನು ಹುಡುಕುತ್ತಿದ್ದಾರೆ. ಬಾಗಿಲಿಗೆ ಬೀಗ. ಜೋಳಿಗೆಯಲ್ಲಿ ಸರ್ಕ್ಯೂಟ್ ಬೋರ್ಡ್ ಬಿಟ್ಟರೆ ಏನಿಲ್ಲ. ಆಗ ಮೌಸನ್ನು ಮೆಟ್ಟಿಲಿನ ಕಡೆ ನಿಧಾನವಾಗಿ ಓಡಿಸಿ. ವಸ್ತು ಇದ್ದ ಕಡೆ ಹೆಸರು ಮೂಡುತ್ತದೆ. ಮೆಟ್ಟಿಲಿನ ಒಂದು ಕಬ್ಬಿಣದ ಪಟ್ಟಿ ಸಡಿಲ ಇದೆ. ಕಿತ್ತುಕೊಳ್ಳಿ. ಅದನ್ನೇ ಬಾಗಿಲ ಸಂದಿಗೆ ಹಾಕಿ ಮೀಟಿ.

ಬಾಗಿಲು ತೆರೆದ ತಕ್ಷಣ ಹೊರಗೆ ಓಡಿಹೋಗುವುದೇ ಗುರಿ ಅಂದುಕೊಳ್ಳಬೇಡಿ. ಆ ಸದ್ದಿನಿಂದ ಕೆಳಗಿದ್ದವನ ಗಮನ ಎಲ್ಲಿಗೆ ಹೋಯಿತು ಎಂದು ಯೋಚಿಸಿ. ಸ್ವಲ್ಪ ಹೊರಗೆ ಹೋಗಿ ಮತ್ತೆ ಒಳಗೆ ಬನ್ನಿ. ಇನ್ನು ಕೆಳಕ್ಕೆ ಇಳಿಯಬಹುದು.

ಮೊದಲ ಪಜಲ್‌ನಲ್ಲೇ ಇವರು ಪಾಠ ಮುಗಿಸಿಬಿಡುತ್ತಾರೆ ನೋಡಿ. ಬಾಗಿಲಿಗೆ ಕೀ ಹುಡುಕಬೇಡ, ಕೈಗೆ ಸಿಕ್ಕಿದ್ದನ್ನು ಕೀ ಮಾಡಿಕೋ. ಹಳ್ಳಿಯಲ್ಲಿ ನಮ್ಮ ತಾತ ಕೊಟ್ಟಿಗೆಯ ಚಿಲಕಕ್ಕೆ ಸೈಕಲ್ ಸ್ಪೋಕ್ ಸಿಕ್ಕಿಸುತ್ತಿದ್ದರು. ಅದೇ ತಲೆ ಇಲ್ಲಿ ಬೇಕು.

ಕೆಳಗೆ ಇಳಿದೆ. ಈಗ?

ಒಂದು ಮೂಲೆಯಲ್ಲಿ ಕೆಟ್ಟುಹೋದ ರೋಬೋಟಿನ ಚಿಪ್ಪು ಬಿದ್ದಿದೆ. ಜೋಳಿಗೆಯಲ್ಲಿ ಜೋಯಿಯ ಬೋರ್ಡ್ ಇದೆ. ಇನ್ನು ನಾನೇನು ಹೇಳಲಿ?

ಜೋಯಿ ಏನಕ್ಕೆ ಬರುತ್ತಾನೆ? ಬರೀ ಗೊಣಗುತ್ತಾನಲ್ಲ.

ಗೊಣಗುವುದಕ್ಕೇ ಕಾರಣ ಇದೆ. ಅವನಿಗೆ ಮೊದಲು ಸಿಗುವ ದೇಹ ವ್ಯಾಕ್ಯೂಮ್ ಕ್ಲೀನರ್ ತರಹದ್ದು. ಮುಂದೆ ಬೆಸುಗೆ ಹಾಕುವ ರೋಬೋಟಿನ ದೇಹ, ಆಮೇಲೆ ಇನ್ನೊಂದು. ಒಂದೊಂದು ದೇಹ ಬಂದಾಗಲೂ ಅವನಿಗೆ ಒಂದೊಂದು ಹೊಸ ಕೆಲಸ ಬರುತ್ತದೆ, ಜಂಬವೂ ಬದಲಾಗುತ್ತದೆ. ಬೋರ್ಡ್ ಒಂದೇ, ಅಂಗಿ ಬೇರೆ ಬೇರೆ.

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಸಿಕ್ಕಿಹಾಕಿಕೊಂಡರೆ ಜೋಯಿಯ ಜೊತೆ ಮಾತಾಡಿ. ಹೊಸ ಕೋಣೆಗೆ ಬಂದರೆ, ಹೊಸ ಯಂತ್ರ ಕಂಡರೆ ಅವನ ಮಾತಿನ ಪಟ್ಟಿಯಲ್ಲಿ ಹೊಸ ಸಾಲು ಸೇರುತ್ತದೆ. ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ರೋಬೋಟ್ ನಿಂತುಹೋಗಿದೆ, ಅದನ್ನು ನೀವು ಎಷ್ಟು ಕ್ಲಿಕ್ ಮಾಡಿದರೂ ಅಲ್ಲಾಡದು. ಜೋಯಿಗೆ ಹೇಳಿ. ಕುಲುಮೆಯ ಕೋಣೆಯಲ್ಲೂ ಅಷ್ಟೇ. ನನ್ನ ತಮ್ಮ ಅವನನ್ನು ಮೊದಲ ಕೋಣೆಯಲ್ಲೇ ಬಿಟ್ಟು ಒಂದು ಗಂಟೆ ಒಬ್ಬನೇ ಅಲೆದಿದ್ದ.

ಸಾಯ್ತೀವಾ ಇದರಲ್ಲಿ?

ಹೌದು, ಕೆಲವು ಕಡೆ. ವಿಕಿರಣ ಇರುವ ಜಾಗಕ್ಕೆ ಬರೀ ಕೋಟ್ ಹಾಕಿಕೊಂಡು ಹೋದರೆ ಇನ್ನೇನಾಗುತ್ತದೆ? ಸತ್ತರೆ ಸೇವ್ ಮಾಡಿದಲ್ಲಿಂದ ಮತ್ತೆ ಶುರು. ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಎಫ್5 ಒತ್ತಿ, ಒಂದು ಹೆಸರು ಕೊಟ್ಟು ಸೇವ್ ಮಾಡಿ. ಹೆಸರನ್ನು ಅರ್ಥವಾಗುವ ಹಾಗೆ ಇಡಿ. ನನ್ನ ಮೊದಲ ಆಟದ ಸೇವ್‌ಗಳ ಹೆಸರು 'ಎ', 'ಎಎ', 'ಎಎಎ' ಎಂದಿದ್ದವು. ಯಾವುದು ಯಾವುದೆಂದು ಕೊನೆಗೂ ಗೊತ್ತಾಗಲಿಲ್ಲ.

ಈಗ ಇಲ್ಲೇ ಇದ್ದವನು ಎಲ್ಲಿ ಹೋದ? ಬಗ್ ಇದೆಯಾ?

ಬಗ್ ಅಲ್ಲ. ರೆವಲ್ಯೂಷನ್‌ನವರು ತಮ್ಮ ಎಂಜಿನ್‌ಗೆ, ಅಂದರೆ ಗೇಮ್ ನಡೆಸುವ ಒಳಗಿನ ತಂತ್ರಾಂಶಕ್ಕೆ, ವರ್ಚುವಲ್ ಥಿಯೇಟರ್ ಎಂದು ಹೆಸರಿಟ್ಟಿದ್ದರು. 1992ರ ಲ್ಯೂರ್ ಆಫ್ ದಿ ಟೆಂಪ್ಟ್ರೆಸ್ ಅದರ ಮೊದಲ ಗೇಮ್. ಪಾತ್ರಗಳು ನಿಮಗಾಗಿ ಕಾಯುತ್ತಾ ಒಂದೇ ಕಡೆ ನಿಂತಿರುವುದಿಲ್ಲ. ಅವರ ಪಾಡಿಗೆ ಓಡಾಡುತ್ತಾರೆ, ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಲ್ಯಾಂಬ್ ಎಂಬ ಕೋಟುಧಾರಿ ಬೇಕಾದರೆ ಅವನು ಓಡಾಡುವ ಕಡೆ ಹೋಗಿ ನಿಲ್ಲಿ. ಬರುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಕಾದಷ್ಟು ಕಾಯಬೇಕಿಲ್ಲ.

ಮೇಲಿನ ಮಹಡಿಗಳು ಬಡವರದ್ದು, ಕೆಳಗಿನದು ಶ್ರೀಮಂತರದ್ದು. ಉಲ್ಟಾ ಅಲ್ವಾ?

ಉಲ್ಟಾನೇ. ಬೇಕೆಂದೇ ಹಾಗೆ ಮಾಡಿದ್ದಾರೆ. ನಮ್ಮ ಕಣ್ಣಿಗೆ ಪೆಂಟ್‌ಹೌಸ್ ಅಂದರೆ ದುಡ್ಡು, ನೆಲಮಟ್ಟ ಅಂದರೆ ಗದ್ದಲ. ಯೂನಿಯನ್ ಸಿಟಿಯಲ್ಲಿ ಗಾಳಿಯೇ ಕೆಟ್ಟಿದೆ. ಹೊಗೆ, ಕಾರ್ಖಾನೆ, ಕೂಲಿಗಳು ಮೇಲೆ. ಮರ, ಕೊಳ, ಕ್ಲಬ್ಬು, ನಾಯಿ ಹಿಡಿದು ವಾಕಿಂಗ್ ಹೋಗುವ ಶ್ರೀಮತಿ ಪಿಯರ್ಮಾಂಟ್ ನೆಲದಲ್ಲಿ. ನಡುವಿನ ಮಟ್ಟದ ಹೆಸರು ಬೆಲ್ ವ್ಯೂ. ನೀವು ಮೇಲಿಂದ ಶುರು ಮಾಡಿ ಇಳಿಯುತ್ತಾ ಹೋಗುತ್ತೀರಿ. ಇಳಿದಷ್ಟೂ ಬಣ್ಣ ತಿಳಿಯಾಗುತ್ತದೆ. ಕೆಳಗೆ ಬಂದಾಗ ಮೊದಲ ಸಲ ಹಸಿರು ಕಂಡು ನನಗೆ ಒಂದು ಕ್ಷಣ ಸುಮ್ಮನೆ ಕೂರಬೇಕೆನಿಸಿತು.

ಈ ಇಡೀ ಊರನ್ನು ನಡೆಸುವುದು ಲಿಂಕ್ ಎಂಬ ಕಂಪ್ಯೂಟರ್. ಅದರ ಲೆಕ್ಕದಿಂದ ನಿಮ್ಮನ್ನು ಕಿತ್ತರೆ 'ಡಿ-ಲಿಂಕ್'. ಆಮೇಲೆ ಲಿಫ್ಟೂ ತೆರೆಯಲ್ಲ, ಮನೆಯೂ ತೆರೆಯಲ್ಲ. ಆಧಾರ್ ಬೆರಳಚ್ಚು ಹೊಂದದೆ ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1994ರಲ್ಲಿ ಬರೆದಿದ್ದು ಎಂದು ಮತ್ತೆ ನೆನಪಿಸುತ್ತೇನೆ.

ಬೆಲ್ ವ್ಯೂದಲ್ಲಿ ನಿಂತುಬಿಟ್ಟಿದ್ದೇನೆ. (ಉತ್ತರ ಇದೆ)

ಕಾರ್ಖಾನೆಯಲ್ಲಿ ರೈಕ್‌ನ ಗತಿ ಏನಾಯಿತು ಎಂದು ನೋಡಿದ್ದೀರಿ. ಅವನ ಐಡಿ ಕಾರ್ಡ್ ನಿಮ್ಮ ಹತ್ತಿರ ಇದೆ. ಆ ಕಾರ್ಡ್‌ಗೆ ತೆರೆಯುವ ಬಾಗಿಲುಗಳಲ್ಲಿ ಅವನ ಮನೆಯದೂ ಒಂದು. ಒಳಗೆ ಹೋಗಿ, ದಿಂಬಿನ ಕೆಳಗೆ ನೋಡಿ. ಒಂದು ಪತ್ರಿಕೆ ಇದೆ.

ಈಗ ಯೋಚಿಸಿ, ಆ ಪತ್ರಿಕೆ ಯಾರಿಗೆ ಬೇಕು? ಟ್ರಾವೆಲ್ ಏಜೆಂಟ್‌ಗೆ. ಅವನು ಅದಕ್ಕೆ ಬದಲು ಪ್ರವಾಸದ ಟಿಕೆಟ್ ಕೊಡುತ್ತಾನೆ. ಟಿಕೆಟ್ ಯಾರಿಗೆ ಬೇಕು? ಬಿಟ್ಟಿ ಸಿಕ್ಕರೆ ಬಿಡದ ಲ್ಯಾಂಬ್‌ಗೆ. ಅವನು ಅದಕ್ಕೆ ಬದಲು ತನ್ನ ಕಾರ್ಖಾನೆ ಸುತ್ತಿಸಿ ತೋರಿಸುತ್ತಾನೆ. ಆ ಕಾರ್ಖಾನೆಯೊಳಗೆ ನಿಮ್ಮನ್ನು ಬಿಡದೆ ಅಡ್ಡ ನಿಂತಿದ್ದವರು ಈಗ ತೆಪ್ಪಗಿರುತ್ತಾರೆ, ಮಾಲೀಕನೇ ಜೊತೆಗಿದ್ದಾನಲ್ಲ!

ಬಾಲ ಹೋಯಿತು ಕತ್ತಿ ಬಂತು ಡುಂ ಡುಂ ಎಂದು ಮಂಗಣ್ಣ ಹಾಡಿದ ಹಾಗೆ ಒಂದು ಕೊಟ್ಟು ಇನ್ನೊಂದು ಪಡೆಯುವ ಕೆಲಸ. ಈ ಗೇಮಿನಲ್ಲಿ ದಾರಿ ಕಾಣದಾದಾಗ ಜೋಳಿಗೆ ತೆರೆದು ಪ್ರತಿ ವಸ್ತುವಿಗೂ ಈ ಒಂದೇ ಪ್ರಶ್ನೆ ಕೇಳಿ: ಇದು ಯಾರಿಗೆ ಬೇಕು?

ಲಿಂಕ್-ಸ್ಪೇಸ್ ಅಂದರೇನು? ಅಲ್ಲಿ ಎಲ್ಲ ನಿಯಮ ಬದಲಾಯ್ತು.

ಕಂಪ್ಯೂಟರಿನ ಒಳಗಿನ ಲೋಕ. ತಲೆಗೆ ಒಂದು ಪೋರ್ಟ್ ಹಾಕಿಸಿಕೊಂಡವರು ಮಾತ್ರ ಒಳಗೆ ಹೋಗಬಹುದು. ಹಾಕುವ ಡಾಕ್ಟರ್ ಬರ್ಕ್ ಅದಕ್ಕೆ ಕೇಳುವ ಬೆಲೆ ಇಲ್ಲಿ ಬರೆಯುವಂಥದ್ದಲ್ಲ, ನೀವೇ ಕೇಳಿಸಿಕೊಳ್ಳಿ.

ಅಲ್ಲಿ ಜೋಳಿಗೆಯಲ್ಲಿ ಇರುವುದು ವಸ್ತುಗಳಲ್ಲ, ಪ್ರೋಗ್ರಾಂಗಳು. ಹೆಸರನ್ನು ಅಕ್ಷರಶಃ ತೆಗೆದುಕೊಳ್ಳಿ. ದೊಡ್ಡ ಕಣ್ಣೊಂದು ಕಾವಲಿದ್ದರೆ 'ಬ್ಲೈಂಡ್' ಬಳಸಿ. ಹಾಗೇ ಮುಂದಕ್ಕೆ. ನನಗೆ ಕೇಳಿದರೆ ಗೇಮಿನಲ್ಲಿ ಸ್ವಲ್ಪ ಸೊರಗಿದ ಭಾಗ ಇದೇ. ಜೋಯಿ ಜೊತೆಗಿಲ್ಲ, ಮಾತಿಲ್ಲ, ಎಲ್ಲ ಖಾಲಿ ಖಾಲಿ. ಬೇಗ ಮುಗಿಸಿ ಹೊರಗೆ ಬನ್ನಿ.

ಚರ್ಚ್ ಮುಂದಿನ ಕಾವಲುಗಾರ ಒಳಗೆ ಬಿಡ್ತಿಲ್ಲ. (ಉತ್ತರ ಇದೆ, ನಾಯಿ ಪ್ರೀತಿಸುವವರು ಕ್ಷಮಿಸಿ)

ಪಾರ್ಕಿನ ಕೊಳದ ಹತ್ತಿರ ಒಂದು ಹಲಗೆ ಇದೆ. ಮೇಲೆ ಹಗ್ಗಕ್ಕೆ ಕಟ್ಟಿದ ಭಾರ ಇದೆ. ಶ್ರೀಮತಿ ಪಿಯರ್ಮಾಂಟ್‌ ಮನೆಯಲ್ಲಿ ನಾಯಿ ಬಿಸ್ಕತ್ತು ಇದೆ. ಆಕೆ ಫೋನಿನಲ್ಲಿ ಮಾತಾಡುವಾಗ ಎತ್ತಿಕೊಳ್ಳಿ. ಬಿಸ್ಕತ್ತನ್ನು ಹಲಗೆಯ ಮೇಲಿಡಿ, ನಾಯಿ ಸ್ಪಂಕಿ ಬರುವ ತನಕ ತಾಳ್ಮೆಯಿಂದಿರಿ, ಹಗ್ಗ ಎಳೆಯಿರಿ. ಉಳಿದದ್ದನ್ನು ಭೂಮಿಯ ಸೆಳೆತ ನೋಡಿಕೊಳ್ಳುತ್ತದೆ. ಎಲ್ಲರ ಕಣ್ಣು ಕೊಳದ ಕಡೆ ಇರುವಾಗ ನೀವು ಒಳಗೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆಡಬಹುದಾ?

ಆಡಬಹುದು. ಕನ್ನಡ ಇಲ್ಲ, ಆದರೆ ದನಿ ಮತ್ತು ಅಕ್ಷರ ಎರಡೂ ಒಟ್ಟಿಗೆ ಬರುವ ಹಾಗೆ ಎಫ್5 ಫಲಕದಲ್ಲಿ ಇಟ್ಟುಕೊಳ್ಳಬಹುದು. ಉಚ್ಚಾರಣೆ ಹಲವರದು ಇಂಗ್ಲೆಂಡಿನ ಹಳ್ಳಿಗಾಡಿನ ರೀತಿ, ಬರೀ ಕಿವಿಗೆ ಸಿಗಲ್ಲ. ಅಕ್ಷರ ಇದ್ದರೆ ಧಾರಾಳ ಸಾಕು. ಜೋಕುಗಳು ಕೆಲವು ತಪ್ಪಬಹುದು, ದಾರಿ ತಪ್ಪುವುದಿಲ್ಲ. ಒಂದು ಜೋಕು ಮಾತ್ರ ನಮಗೇ ಜಾಸ್ತಿ ಹತ್ತುತ್ತದೆ. ಮುಂದೆ ಒಂದು ಕೋರ್ಟ್ ಬರುತ್ತದೆ, ಟಿವಿ ಶೋ ತರಹ ನಡೆಯುತ್ತದೆ. ನ್ಯಾಯಾಧೀಶರ ಹೆಸರು ಚಟ್ನಿ.

ಮಕ್ಕಳಿಗೆ ಕೊಡಬಹುದಾ?

ಎಂಟು ಹತ್ತು ವರ್ಷದವರಿಗೆ ಬೇಡ. ಸಾವು ಇದೆ, ಹೆಣ ಇದೆ, ದೊಡ್ಡವರ ಪೋಲಿ ಹಾಸ್ಯ ಇದೆ. ಅಕ್ಕನ ಮಗನಿಗೆ ಹದಿಮೂರಾದ ಮೇಲೆ ಕೊಟ್ಟೆ. ಪಕ್ಕದಲ್ಲಿ ಕೂತು ಆಡಿಸಿದೆ. ನಾಯಿಯ ಪಜಲ್ ಅವನಿಗೆ ನನಗಿಂತ ಬೇಗ ಹೊಳೆಯಿತು.

ಎಷ್ಟು ಹೊತ್ತು ಬೇಕು? ಉತ್ತರ ನೋಡಿಕೊಂಡು ಆಡಿದರೆ ತಪ್ಪಾ?

ತಾನೇ ಬಿಡಿಸಿದರೆ ಎರಡು ಮೂರು ರಜಾ ದಿನ. ಉತ್ತರ ಪಕ್ಕದಲ್ಲಿಟ್ಟುಕೊಂಡರೆ ಒಂದೇ ಮಧ್ಯಾಹ್ನ.

ತಪ್ಪೇನಿಲ್ಲ, ಆದರೆ ರುಚಿ ಹೋಗುತ್ತದೆ. ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ: ಅರ್ಧ ಗಂಟೆ ಏನೂ ಹೊಳೆಯದಿದ್ದರೆ ಎದ್ದು ಕಾಫಿ. ಬಂದು ಎಲ್ಲ ಕೋಣೆಗಳಿಗೂ ಒಂದು ಸುತ್ತು, ಎಲ್ಲರ ಜೊತೆ ಮತ್ತೊಮ್ಮೆ ಮಾತು. ಆಗಲೂ ಇಲ್ಲವೆಂದರೆ ಒಂದು ಸುಳಿವು ಮಾತ್ರ. ಕಾಫಿಯಲ್ಲೇ ಮುಕ್ಕಾಲು ಪಾಲು ಬಿಡಿಸಿದೆ.

ಮುಂದಿನ ಭಾಗ ಇದೆಯಾ?

ಇದೆ. ಬಿಯಾಂಡ್ ಎ ಸ್ಟೀಲ್ ಸ್ಕೈ, 2020ರಲ್ಲಿ ಬಂತು. 26 ವರ್ಷದ ನಂತರ! ಸೆಸಿಲ್ ಮತ್ತು ಗಿಬ್ಬನ್ಸ್ ಇಬ್ಬರೂ ಮತ್ತೆ ಜೊತೆಯಾದರು. ಅದು 3ಡಿ, ದುಡ್ಡು ಕೊಡಬೇಕು. ಕಥೆಯಲ್ಲಿ ಹತ್ತು ವರ್ಷ ಕಳೆದಿರುತ್ತದೆ. ಮೊದಲನೆಯದನ್ನು ಮುಗಿಸದೆ ಅದಕ್ಕೆ ಕೈ ಹಾಕಬೇಡಿ, ಇದರ ಕೊನೆಯ ಗುಟ್ಟು ಅಲ್ಲಿ ಬಿಚ್ಚಿಯೇ ಇದೆ.

ಫ್ರೀಯಾಗಿ ಇದೇ ತರಹದ್ದು ಇನ್ನೊಂದು ಹೇಳಿ.

1995ರ ಫ್ಲೈಟ್ ಆಫ್ ದಿ ಅಮೆಜಾನ್ ಕ್ವೀನ್. ಅದನ್ನೂ ಮಾಲೀಕರು ಉಚಿತವಾಗಿ ಬಿಟ್ಟಿದ್ದಾರೆ, ಅದೂ ಸ್ಕಮ್‌ವಿಎಂನಲ್ಲೇ ನಡೆಯುತ್ತದೆ. ಕಾಡಿನಲ್ಲಿ ಬಿದ್ದ ವಿಮಾನ, ಹುಚ್ಚು ವಿಜ್ಞಾನಿ, ಡೈನೋಸಾರ್. ಇಷ್ಟು ಕತ್ತಲೆ ಇಲ್ಲ, ಪೂರಾ ನಗು. ಇದಕ್ಕಿಂತ ಸಲೀಸು ಎಂದು ಮಾತ್ರ ನಾನು ಹೇಳಿಲ್ಲ. ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಮಾಡಬೇಡಿ.